ಈಶ್ವರಿ ಬಳ್ಳಿ ಕಿತ್ತ ಮೇಲೆ

ಗಂಡನ ಮನೆಯಲ್ಲಿ ಇನ್ನು ಇರಲಾರೆ ಎಂದು ಅಕ್ಕ ಶ್ರೀರಾಂಪುರದ ನಮ್ಮ ಮನೆಗೆ ಬಂದಾಗ ಬಟ್ಟೆಯ ಚೀಲದ ಜೊತೆ ಕುಂಡದಲ್ಲಿ ಒಂದು ಈಶ್ವರಿ ಬಳ್ಳಿಯನ್ನೂ ತಂದಿದ್ದಳು. ಕಾಂಪೌಂಡಿನ ಮೂಲೆಯಲ್ಲಿ ನೆಟ್ಟಳು. ಅದು ಗೋಡೆಯ ಮೇಲೆಲ್ಲ ಹಬ್ಬಿದ ಮಳೆಗಾಲದಲ್ಲಿ, ಬೆಟ್ಟದ ಕಾಡುಗಳಲ್ಲಿ ಹಾರಾಡುವ ದೊಡ್ಡ ಕಪ್ಪು ಹಳದಿ ಚಿಟ್ಟೆಯೊಂದು ಎಲ್ಲಿಂದಲೋ ಬಂದು ಎಲೆಗಳ ಮೇಲೆ ಮೊಟ್ಟೆಯಿಟ್ಟು ಹೋಯಿತು. ಹುಟ್ಟಿದ ಹುಳುಗಳು ಮೈತುಂಬ ಕೆಂಪು ಮುಳ್ಳು ಹೊತ್ತು, ಎಲೆ ಮೇಯ್ದು ಬೆರಳಿನಷ್ಟು ದಪ್ಪವಾದವು. ಶಾಲೆಯಲ್ಲಿ ಪಾಠ ಮುಗಿಸಿ ಬಂದ ಅಕ್ಕ ಕೈಕಾಲು ತೊಳೆಯುವ ಮೊದಲೇ ಅವುಗಳ ಮುಂದೆ ನಿಲ್ಲುತ್ತಿದ್ದಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಅಲ್ಲಿ ಮಾತ್ರ.

ಅಣ್ಣ ಅಕ್ಕನಿಗಿಂತ ಚಿಕ್ಕವನು; ಮನೆ ಅವನದು. ಹೊಸ ಕಾರಿಗೆ ಜಾಗ ಬೇಕೆಂದು, ಅಕ್ಕ ಶಾಲೆಗೆ ಹೋಗಿದ್ದಾಗ ಬಳ್ಳಿಯನ್ನು ಬುಡಸಮೇತ ಕೀಳಿಸಿದ. ನಾನು ಬೇಡವೆಂದರೂ ಕೇಳಲಿಲ್ಲ. ಕೈಗೆ ಸಿಕ್ಕ ಹುಳುಗಳನ್ನೂ ನಾಲ್ಕು ಎಲೆಗಳನ್ನೂ ರಟ್ಟಿನ ಡಬ್ಬಕ್ಕೆ ಹಾಕಿಟ್ಟೆ. ಉಳಿದದ್ದೆಲ್ಲ ಕಸದ ಟ್ರ್ಯಾಕ್ಟರಿನಲ್ಲಿ ಹೋಯಿತು.

ರಾತ್ರಿ ಊಟಕ್ಕೆ ಕೂತಾಗ ಅಕ್ಕ ಅಣ್ಣನನ್ನು ಕೇಳಿದ್ದು ಇಷ್ಟೇ: "ಅವು ಬೇರೆ ಎಲೆ ಮುಟ್ಟಲ್ಲ ಕಣೋ. ಏನ್ ತಿನ್ಬೇಕು?"

"ತಿನ್ನೋದು ಕಲೀಲಿ ಬುಡು," ಎಂದ ಅಣ್ಣ. "ಈ ಮನೇಗ್ ಬಂದ್ಮೇಲೆ ನೀನೂ ಹಾಕಿದ್ದು ತಿನ್ನೋದು ಕಲ್ತಿಲ್ವಾ?"

ಅಕ್ಕ ತಟ್ಟೆ ಬಿಟ್ಟು ಎದ್ದಳು. ಅತ್ತಿಗೆ ಅವಳ ಅನ್ನವನ್ನು ಪಾತ್ರೆಗೆ ಸುರಿದುಕೊಂಡರು.

ಮರುದಿನ ಅವಳೂ ನಾನೂ ಸ್ಕೂಟರಿನಲ್ಲಿ ನರ್ಸರಿಯಿಂದ ನರ್ಸರಿಗೆ ಅಲೆದೆವು. "ಅದ್ನ ಯಾರೂ ಕೇಳಲ್ಲ ಕಣಮ್ಮ, ಇಟ್ಟಿಲ್ಲ," ಎಂದರು ಎಲ್ಲರೂ. ಕರಿಬೇವು, ನಿಂಬೆ ಎಲೆ ಕೊಟ್ಟು ನೋಡಿದೆವು. ಹುಳುಗಳು ಮೂಸಿದಂತೆ ಮಾಡಿ ತಿರುಗಿಕೊಂಡವು. ಆಮೇಲೆ ಒಂದನ್ನೊಂದು ತಿನ್ನತೊಡಗಿದವು. ಕೋಶವಾಗಲು ನೂಲು ಕಟ್ಟಿಕೊಂಡು ಅಲುಗಾಡದೆ ಕೂತಿದ್ದ ಒಂದನ್ನು ಇನ್ನೊಂದು ಹೊಟ್ಟೆಯ ಕಡೆಯಿಂದ ಮೇಯುತ್ತಿತ್ತು. ನಾನು ಮುಖ ತಿರುಗಿಸಿದೆ. ಅಕ್ಕ ತಿರುಗಿಸಲಿಲ್ಲ.

ಕೊನೆಗೆ ತಿಂದು ಉಳಿದ ಆ ಒಂದೇ ಹುಳು ಒಣಎಲೆಯಂಥ ಕೋಶವಾಯಿತು. ವಾರಗಳು ಕಳೆದು ಅದರಿಂದ ಚಿಟ್ಟೆ ಹೊರಬಂತು. ತಾಯಿಯ ಅರ್ಧದಷ್ಟೂ ಇರಲಿಲ್ಲ. ರೆಕ್ಕೆ ಒಣಗಿಸಿಕೊಳ್ಳುತ್ತಿದ್ದಾಗ ಅಣ್ಣ ಫೋನು ಹಿಡಿದು ಬಂದ, ಮನೆಯವರನ್ನೆಲ್ಲ ಕರೆದು, "ನಮ್ಮನೇಲೇ ಹುಟ್ಟಿದ್ದು!" ಎಂದು ವಿಡಿಯೊ ಮಾಡಿ ನೆಂಟರ ಗುಂಪಿಗೆ ಹಾಕಿದ. ಹೊಗಳಿಕೆಗಳು ಬಂದವು. ಒಂದೊಂದನ್ನೂ ಅಕ್ಕನ ಮುಂದೆ ಜೋರಾಗಿ ಓದಿದ.

ಆ ತಿಂಗಳೇ ಅಕ್ಕ ಹೂಟಗಳ್ಳಿಯಲ್ಲಿ ಒಂದು ಕೋಣೆ ಹಿಡಿದು ಹೊರಟಳು. ಗೇಟಿನ ಹತ್ತಿರ ಅಣ್ಣ, "ಹುಳಕ್ಕೋಸ್ಕರ ಮನೆ ಬುಟ್ಟೋಯ್ತಾವ್ಳೆ ನೋಡು," ಎಂದು ನಕ್ಕ. ಅವಳು ಅವನ ಕಡೆ ನೋಡದೆ ಆಟೋ ಹತ್ತಿದಳು. ಅಣ್ಣ ನೀರಿನ ಪೈಪು ತಂದು ಕಾರು ತೊಳೆಯಲು ನಿಂತ.