ಮೊರ ಹಿಡಿದು ನೋಡಿದ ಟೀವಿ

ಕೊಡಗಿನ ತೋಟದ ಮನೆಗಳಿಗೆ ಟೀವಿ ಬಂದಾಗ ಎಲ್ಲರೂ ಒಟ್ಟಿಗೆ ಕೂತು ನೋಡಲಿಲ್ಲ. ಸೋಫಾದ ಮೇಲೆ ಕೆಲವರಿದ್ದರು, ಹೊರಗೆ ಕಣದ ನೆಲದ ಮೇಲೆ ಉಳಿದವರಿದ್ದರು, ನಡುವೆ ಕಿಟಕಿಯ ಸರಳುಗಳಿದ್ದವು. ಇದು ನಿಮಗೆ ಗೊತ್ತು.

ಜವರಿ ಹುಟ್ಟಿದ್ದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಅಮ್ಮತ್ತಿ ಹತ್ತಿರದ ಒಂದು ಕಾಫಿ ತೋಟದ ಕೂಲಿಯಾಳುಗಳ ಲೈನ್‌ಮನೆಯಲ್ಲಿ. ಅವಳಿಗೆ ನಾಲ್ಕೈದು ವರ್ಷವಾದಾಗ ದೊಡ್ಡ ಸಾಹುಕಾರರು ಜಗಲಿಗೆ ರೇಡಿಯೋ ತಂದಿಟ್ಟರು. ಭಾನುವಾರ ರಜೆ. ಲೈನಿನ ಹೆಂಗಸರು ಹಾಡು ಕೇಳಲು ಬಂದು ಕಣದಲ್ಲಿ ಕೂತರು. ಇವರು ಸುಮ್ಮನೆ ಕೂರುವುದು ಸಾಹುಕಾರರಿಗೆ ಸಹಿಸಲಾಗಲಿಲ್ಲ. ಒಬ್ಬೊಬ್ಬರ ಮಡಿಲಿಗೆ ಒಂದೊಂದು ಮೊರ ಒಳ್ಳೆಮೆಣಸು ಬಂತು, ಆ ಕರಿಮೆಣಸಿನ ಕಡ್ಡಿ, ಕಲ್ಲು, ಜೊಳ್ಳು ಆರಿಸಿಡಲು. ಕೂಲಿಯ ಮಾತಿಲ್ಲ, ಹಾಡೇ ಕೂಲಿ. ಜವರಿಯ ತಾಯಿ ಮುತ್ತಮ್ಮ ಕಿವಿಯನ್ನು ಹಾಡಿಗೆ ಕೊಟ್ಟು ಕಣ್ಣನ್ನು ಮೊರಕ್ಕೆ ಕೊಟ್ಟು ಇಪ್ಪತ್ತು ವರ್ಷ ಹಾಗೆ ಕೂತಳು. ಬಿಟ್ಟಿ ಚಾಕರಿ ಅನ್ನುವ ಹೆಸರನ್ನು ಅದಕ್ಕೆ ಯಾರೂ ಇಡಲಿಲ್ಲ. ಸಾಹುಕಾರರು ದೊಡ್ಡ ಮನಸ್ಸಿನವರು ಎಂದೇ ಹೇಳಿದರು.

ಎಂಬತ್ತರ ದಶಕದಲ್ಲಿ ಅವರ ಮಗ ದೇರಪ್ಪ ಟೀವಿ ತಂದ. ಸಿಲ್ವರ್ ಮರದ ಕಂಬದ ತುದಿಗೆ ಆಂಟೆನಾ ಏರಿತು, ಜನರನ್ನು ಕರೆದದ್ದೂ ಆಯಿತು. ಅಪ್ಪನ ಮೊರ ಮತ್ತೆ ಹೊರಗೆ ಬಂತು. ಈಗ ಅದು ಜವರಿಯ ಮಡಿಲಲ್ಲಿ.

ಅವಳಿಗೂ ಟೀವಿ ಹುಚ್ಚು ಹಿಡಿದಿತ್ತು, ಸುಳ್ಳು ಯಾಕೆ. ಆದರೆ ಟೀವಿ ಮುಗಿದರೂ ರಾಶಿ ಮುಗಿಯುತ್ತಿರಲಿಲ್ಲ. ಮುಗಿಸದೆ ಏಳುವಂತಿಲ್ಲ. ಅಷ್ಟರಲ್ಲಿ ಹೊತ್ತು ಬಾಗಿರುತ್ತಿತ್ತು. ಮುತ್ತಮ್ಮ ಆಗ ದುಬಾರೆ ಕಡೆಯ ಕಾಡಂಚಿನ ಹಾಡಿಯಲ್ಲಿ ಮಗನ ಜೊತೆ ಇದ್ದಳು, ಕಣ್ಣು ಮಂಜಾಗಿತ್ತು. ಭಾನುವಾರ ಹೋಗಿ ಅವಳ ತಲೆಗೆ ಎಣ್ಣೆ ಹಾಕಿ ಬಾಚಿ ಬರುವುದು ಜವರಿಯ ರೂಢಿ. ಟೀವಿ ಬಂದ ಮೇಲೆ ಎರಡು ತಿಂಗಳಾದರೂ ಹೋಗಲಾಗಲಿಲ್ಲ. ‘ತಲೆ ಜಡೆಗಟ್ಟಿದೆ, ಮಗಳು ಸತ್ತಳಾ ಕೇಳು’ ಎಂದು ಮುದುಕಿ ಹೇಳಿಕಳಿಸಿದ್ದಳು.

ಆ ವಾರವೇ ವ್ಯಾಪಾರಿ ಎರಡು ಮೂಟೆ ಮೆಣಸು ವಾಪಸು ಕಳಿಸಿದ, ತುಂಬಾ ಕಡ್ಡಿ ಎಂದು. ಇರದೆ ಏನು? ಹಾಡು ಕೇಳುತ್ತಾ ಕಡ್ಡಿ ಆರಿಸಬಹುದು, ಚಿತ್ರ ನೋಡುತ್ತಾ ಆಗುವುದಿಲ್ಲ. ಅಷ್ಟೂ ತಿಳಿಯದವನು ತೋಟದ ಯಜಮಾನ.

ಮರುಭಾನುವಾರ ಹೆಂಗಸರು ಬಂದಾಗ ಕಿಟಕಿಗೆ ಪರದೆ ಬಿದ್ದಿತ್ತು. ತೋಟದ ಲೆಕ್ಕ ಬರೆಯುವ ರೈಟರ್ ಸಾಂತಪ್ಪ ಮೊರ ಹಂಚುತ್ತಿದ್ದ. ‘ಮೊದಲು ಎರಡು ಮೂಟೆ ಮುಗೀಲಿ. ಆಮೇಲೆ ಪರದೆ ತೆಗೀತಾರಂತೆ.’

ಜವರಿ ಮೊರ ಮುಟ್ಟಲಿಲ್ಲ. ‘ನಾಳೆ ಆರಿಸ್ತೀನಿ ರೈಟ್ರೇ. ನಾಳೆ ಹಾಜರಿ ಉಂಟಲ್ಲ, ಕೂಲಿ ಸಿಗ್ತದೆ. ಇವತ್ತು ಅವ್ವನ ನೋಡಕ್ಕೆ ಹೋಗ್ಬೇಕು.’

ಜಗಲಿಯಿಂದ ದೇರಪ್ಪ ತನ್ನ ಅರೆಭಾಷೆಯಲ್ಲಿ ಕೇಳಿದ, ‘ಟೀವಿ ನೋಡಿಕೆ ಭಾನುವಾರ ಉಟ್ಟು, ಕೆಲಸಕ್ಕೆ ಇಲ್ಲೆನಾ?’

‘ರೇಡಿಯೋಕ್ಕೆ ಕಣ್ಣು ಬೇಕಿರ್ಲಿಲ್ಲ ಅಯ್ಯಾ. ನಮಗಿರೋದು ಎರಡೇ ಕಣ್ಣು. ಟೀವೀಲೊಂದು ಮೊರದಲ್ಲೊಂದು ಇಡಕ್ಕೆ ನಿಮಗೆ ಬರ್ತದಾ? ಬಂದ್ರೆ ಇಳಿದು ಬಂದು ಕೂತು ತೋರ್ಸಿ.’

ಯಾರೋ ಕಿಸಕ್ಕೆಂದರು. ಜವರಿ ಎಣ್ಣೆಯ ಸೀಸೆ ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದುಬಿಟ್ಟಳು.

ಅಂದು ಪರದೆ ತೆಗೆಯಲಿಲ್ಲ, ಮುಂದಿನ ವಾರವೂ ಇಲ್ಲ. ಅಸಹ್ಯ ಹುಟ್ಟಿಸುವುದು ದೇರಪ್ಪನ ನಡತೆಯೊಂದೇ ಅಲ್ಲ. ಲೈನಿನವರೇ ಅವಳ ಮೇಲೆ ಬಿದ್ದರು. ಪಕ್ಕದ ಮನೆಯ ಚಿಕ್ಕ ಎಂಬವನು ಬಾಗಿಲಲ್ಲೇ ನಿಂತು, ‘ಒಂದು ಮೊರ ಆರಿಸಿದ್ರೆ ನಿನ್ನ ಕೈ ಸವೀತಿತ್ತಾ? ನಿನ್ನ ದೆಸೆಯಿಂದ ಮಕ್ಕಳಿಗೂ ಟೀವಿ ಹೋಯ್ತು’ ಅಂದ. ನೀರಿನ ಹತ್ತಿರ ಅವಳ ಬಿಂದಿಗೆಗೆ ಜಾಗ ಬಿಡಲಿಲ್ಲ. ನಾಲ್ಕನೆಯ ವಾರ ಎಲ್ಲರೂ ಹೋಗಿ ತಾವಾಗಿಯೇ ಮೊರ ಕೇಳಿ ತೆಗೆದುಕೊಂಡರು. ಪರದೆ ಸರಿಯಿತು. ಜವರಿ ಮಾತ್ರ ಮತ್ತೆ ಆ ಕಣಕ್ಕೆ ಟೀವಿಗೆಂದು ಕಾಲಿಡಲಿಲ್ಲ. ತಾಯಿ ಇರುವವರೆಗೂ ಪ್ರತಿ ಭಾನುವಾರ ದುಬಾರೆಗೆ ನಡೆದಳು.

ಆಮೇಲೆ ಲೈನಿನ ಮನೆಮನೆಗೂ ಟೀವಿ ಬಂತು, ಕಣ ಖಾಲಿಯಾಯಿತು. ಈಗ ಒಂದೇ ಚಾಪೆಯ ಮೇಲೆ ನಾಲ್ವರು ನಾಲ್ಕು ಮೊಬೈಲ್ ನೋಡುತ್ತಾರೆ.

ಮೊನ್ನೆ ಅಮ್ಮತ್ತಿಯ ಒಂದು ಮದುವೆಯಲ್ಲಿ ದೇರಪ್ಪನ ಮಗ ನೆಂಟರಿಗೆ ಹೇಳುತ್ತಿದ್ದ, ‘ಆಗೆಲ್ಲಾ ಆಳು ಯಜಮಾನ ಅಂತಿರಲಿಲ್ಲ. ನಮ್ಮನೇಲಿ ಒಟ್ಟಿಗೆ ಕೂತು ಟೀವಿ ನೋಡ್ತಿದ್ದೆವು. ಆ ಪ್ರೀತಿ ಈಗೆಲ್ಲಿ?’ ನೆಂಟರು ಲೊಚಗುಟ್ಟಿದರು. ಹಿಂದೆ ಪಾತ್ರೆ ತೊಳೆಯುತ್ತಿದ್ದ ಮುದುಕಿ ಜವರಿ ತಲೆಯೆತ್ತಿದಳು. ‘ಮೊರದ ವಿಷ್ಯ ಬಿಟ್ಟ,’ ಎಂದಳು, ತೊಳೆಯುವುದನ್ನು ಮುಂದುವರಿಸಿದಳು.

ನೀವೂ ಹೇಳುತ್ತೀರಿ ಒಟ್ಟಿಗೆ ಕೂತು ಟೀವಿ ನೋಡಿದ ಈ ಕಥೆಯನ್ನು, ಕಣ್ಣು ತುಂಬಿಕೊಂಡು. ಇನ್ನು ಹೇಳುವಾಗ ಮೊರವನ್ನೂ ಹೇಳಿ. ಅದು ಯಾರ ಮಡಿಲಲ್ಲಿತ್ತು, ಹೆಸರು ಹಿಡಿದು ಹೇಳಿ. ಹೆಸರು ನೆನಪಿಲ್ಲವೇ? ಹೋಗಿ ಅವರನ್ನೇ ಕೇಳಿಕೊಂಡು ಬನ್ನಿ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರಿ.