‘ಇಡ್ರಿ’ ಅನ್ನುವವರೆಗೆ

ಬೆಟಗೇರಿಯಲ್ಲಿ ನನ್ನ ಮೊದಲ ಬೆಳಗ್ಗೆ ಅದು. ಮಹಡಿಯ ಕೋಣೆಯಿಂದ ಹಲ್ಲುಜ್ಜಲು ಕೆಳಗಿಳಿದು ಬಂದರೆ, ಮನೆಯ ಯಜಮಾನರು ನಡುಮನೆಯಲ್ಲಿ ಗೋಡೆಯ ಗೂಡಿನ ಮುಂದೆ ಕೈಕಟ್ಟಿ ನಿಂತಿದ್ದರು. ಗೂಡಿನಲ್ಲಿ ಒಂದು ಮೊಬೈಲ್ ಫೋನಿತ್ತು. ಪರದೆ ಕಪ್ಪಗಿತ್ತು, ಮೇಲೆ ಧೂಳು ಕೂತಿತ್ತು. “ಅಂಗಡಿಗೆ ಹೋಗ್ಲೇನ್ರಿ ಸಾಹೇಬ್ರ?” ಎಂದು ಅವರು ಅದನ್ನು ಕೇಳಿದರು. ಸ್ವಲ್ಪ ಹೊತ್ತು ಕಾದರು. ಆಮೇಲೆ ಮೆಟ್ಟಿದ್ದ ಚಪ್ಪಲಿ ಬಿಚ್ಚಿ, ಮೂಲೆಗೆ ಸರಿಸಿ, ಚಾಪೆಯ ಮೇಲೆ ಹೋಗಿ ಕುಳಿತರು. ನಾನು ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ವಾಪಸು ಮೆಟ್ಟಿಲು ಹತ್ತಿದೆ.

ನಾನು ಮಂಡ್ಯದವಳು. ರಾಜ್ಯಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ವಿಷಯದ ಹೆಸರು ಬಾಯಿ ತುಂಬ ಇದೆ: ಜಾಗತಿಕ ರಾಜಕಾರಣ, ದೇಶದ ಭದ್ರತೆ ಮತ್ತು ಸೈಬರ್ ಬೆದರಿಕೆ. ನಮ್ಮಮ್ಮನಿಗೆ ಹೇಳಿದಾಗ, “ಅದ್ಕೆ ದಿಲ್ಲಿಗೋಗೋದ್ ಬಿಟ್ಟು ಗದಗಕ್ಯಾಕೆ ಹೋಗ್ತಿದ್ದೀಯ ಕಣೇ?” ಎಂದಳು. ನ್ಯಾಯವಾದ ಪ್ರಶ್ನೆಯೇ. ‘ನಾವು ಪೊಲೀಸರು, ನೀವು ಬಂಧನದಲ್ಲಿದ್ದೀರಿ, ಕ್ಯಾಮೆರಾ ಮುಂದಿನಿಂದ ಏಳುವಂತಿಲ್ಲ’ ಎಂದು ವಿಡಿಯೊ ಕರೆ ಮಾಡಿ ಹೆದರಿಸುವ ಮೋಸಗಾರರಿದ್ದಾರಲ್ಲ, ಅವರು ಎಷ್ಟೋ ಸಲ ಗಡಿಯಾಚೆ ಯಾವುದೋ ದೇಶದಲ್ಲಿ ಕುಳಿತಿರುತ್ತಾರೆ. ಅಂಥ ಕರೆ ಬಂದಾಗ ಸಣ್ಣ ಊರಿನ ಮನುಷ್ಯ ಪ್ರಭುತ್ವ ಅಂದರೆ ಏನು ಅಂದುಕೊಳ್ಳುತ್ತಾನೆ ಅನ್ನುವುದು ನನ್ನ ಪ್ರಶ್ನೆ. ದಿಲ್ಲಿಯವರನ್ನು ಕೇಳುವವರು ಬೇಕಾದಷ್ಟು ಜನ ಇದ್ದಾರೆ. ಗದಗ-ಬೆಟಗೇರಿಯವರನ್ನು ಕೇಳಿದವರು ಕಡಿಮೆ.

ಕೇಳುವುದಕ್ಕೆ ಮೊದಲು ಬದುಕುವುದನ್ನು ಕಲಿಯಬೇಕಾಯಿತು. ನಾಲೆಯ ನೀರು ಕುಡಿದು ಬೆಳೆದ ನನಗೆ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ ಅನ್ನುವುದು ಸೂರ್ಯ ಹುಟ್ಟಿದಷ್ಟೇ ಸಹಜ. ಇಲ್ಲಿ ನೀರು ಬರುವುದು ಒಂದು ಖಬರು, ಅಂದರೆ ಸುದ್ದಿ. “ನೀರು ಬಂದಾವ್ರಿ” ಎಂದು ಓಣಿಯಲ್ಲಿ ಯಾರೋ ಕೂಗಿದರೆ ಸಾಕು, ಹಾಲು ಉಕ್ಕುತ್ತಿದ್ದರೂ ಬಿಟ್ಟು ಓಡಬೇಕು. ಮೊದಲ ಸಲ ನಾನು ಬಕೆಟ್ ಹಿಡಿದು ಸಾವಕಾಶವಾಗಿ ಬಂದಾಗ ಎಲ್ಲರ ಬ್ಯಾರಲ್ಲು ತುಂಬಿ ನಲ್ಲಿ ಬರೀ ಉಸಿರು ಬಿಡುತ್ತಿತ್ತು. ಈಗ ಪಕ್ಕದ ಮನೆಯವರಿಗಿಂತ ಮುಂಚೆ ನಾನೇ ಪೈಪು ಎಳೆಯುತ್ತೇನೆ. ಮುದ್ದೆ ನುಂಗಿದ ಗಂಟಲಿಗೆ ಜೋಳದ ರೊಟ್ಟಿ ಮೊದಮೊದಲು ಜಗಿದಷ್ಟೂ ಮುಗಿಯಲಿಲ್ಲ. ಈಗ ಶೇಂಗಾ ಚಟ್ನಿ, ಗಟ್ಟಿ ಮೊಸರು ಇದ್ದರೆ ಪಲ್ಯವೇ ಬೇಡ.

ಕೆಲಸ ಮಾತ್ರ ಸುಲಭವಾಗಲಿಲ್ಲ. ಲಕ್ಷ್ಮೇಶ್ವರದಲ್ಲಿ ಒಬ್ಬ ನಿವೃತ್ತ ಮಾಸ್ತರರು ತಮಗೆ ಬಂದ ಕರೆಯ ಕಥೆಯನ್ನು ನಕ್ಕು ನಕ್ಕು ಹೇಳಿ, ಚಹಾ ಕುಡಿಸಿ ಕಳಿಸಿದರು. ಶಿರಹಟ್ಟಿಯಲ್ಲಿ ಇನ್ನೊಬ್ಬರು ಕಿಟಕಿಯ ಸರಳಿನಾಚೆಯಿಂದಲೇ ಮಾತನಾಡಿದರು. ವಿಶ್ವವಿದ್ಯಾಲಯದ ಗುರುತಿನ ಚೀಟಿ ತೋರಿಸಿದೆ. “ಅವರೂ ಇಂಥಾದ್ದ ತೋರಿಸಿದ್ರು. ನಿಮ್ಮದಕ್ಕಿಂತ ಛಲೋ ಇತ್ತು” ಎಂದು ಕಿಟಕಿ ಹಾಕಿಕೊಂಡರು. ಬಿಸಿಲಲ್ಲಿ ನಿಂತು ನನಗೂ ನಗು ಬಂತು. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ.

ಇಷ್ಟೆಲ್ಲ ಅಲೆದು ಬಂದರೆ, ನನಗೆ ಬೇಕಾದ ಪ್ರಶ್ನೆ ನಾನು ಬಾಡಿಗೆಗಿದ್ದ ಮನೆಯ ಕೆಳಗಿನ ಅಂತಸ್ತಿನಲ್ಲೇ ಚಾಪೆಯ ಮೇಲೆ ಕುಳಿತಿರುತ್ತಿತ್ತು.

ಯಜಮಾನರ ಹೆಸರು ರಾಜೇಸಾಬ. ಗಾದಿ ಅಂಗಡಿಯವರು. ನಾವು ಹಾಸಿಗೆ ಅನ್ನುವುದಕ್ಕೆ ಇಲ್ಲಿ ಗಾದಿ ಅನ್ನುತ್ತಾರೆ. ಅಂತೂರ-ಬೆಂತೂರ, ಕಳಸಾಪುರದ ಕಡೆಯ ರೈತರು ಮಗಳ ಮದುವೆಗೆ ಇವರ ಕೈಯ ಗಾದಿಯೇ ಬೇಕು ಎಂದು ಬರುತ್ತಿದ್ದರಂತೆ. ಹೆಂಡತಿ ಮಾಬೂಬಿ. ನಾನು ಇಬ್ಬರನ್ನೂ ಚಾಚಾ, ಚಾಚಿ ಅನ್ನುತ್ತೇನೆ. ಅವರಿಗೆ ನಾನು ‘ಅಕ್ಕೋರು’. ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಇಲ್ಲಿ ಹಾಗೆ ಕರೆಯುತ್ತಾರೆ. ನಾನು ಯಾರಿಗೂ ಏನೂ ಕಲಿಸುತ್ತಿಲ್ಲ ಎಂದರೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಚಾಚಿ ರೊಟ್ಟಿ ಕೊಡುವ ನೆಪದಲ್ಲಿ ಮೇಲೆ ಬಂದು ಬಾಗಿಲಲ್ಲೇ ಕುಳಿತರು.

“ನಿಮಗ ಈ ಮ್ಯಾಲಿನ ಕೋಲಿ ಬಾಡಗಿಗೆ ಸುಮ್ಮನ ಕೊಟ್ಟಿಲ್ರಿ ಅಕ್ಕೋರ. ಫೋನ್‌ನ್ಯಾಗ ಹೆದರಸ್ತಾರಲ್ಲ, ಅದನ್ನ ಓದಾಕ ಒಬ್ರು ಬಂದಾರಂತ ಕೇಳಿದ್ದೆ. ನಾನ ಮಂದಿಗೆ ಹೇಳಿ ನಿಮ್ಮನ್ನ ಇಲ್ಲಿಗೆ ಕರಸ್ಕೊಂಡೆ. ನನ್ನ ಗಂಡನ್ನ ಹೊರಗ ತಗೀರಿ.”

ಆಗ ವಿಷಯ ತಿಳಿಯಿತು. ಚಾಚಿ ಮಗಳ ಎರಡನೇ ಹೆರಿಗೆಗೆಂದು ಮುಂಡರಗಿಗೆ ಹೋಗಿದ್ದಾಗ, ಇಲ್ಲಿ ಚಾಚಾ ಒಬ್ಬರೇ ಇದ್ದಾಗ, ಆ ಕರೆ ಬಂದಿತ್ತು. ನಿಮ್ಮ ಹೆಸರಿನ ಸಿಮ್ಮಿನಿಂದ ಶತ್ರು ದೇಶಕ್ಕೆ ಮಾತು ಹೋಗಿದೆ, ಇದು ದೇಶದ ಭದ್ರತೆಯ ಪ್ರಕರಣ, ಯಾರಿಗೂ ಹೇಳಬೇಡಿ, ಎದ್ದು ಹೋಗಬೇಡಿ ಎಂದು. ಇಡೀ ದಿನ ಕ್ಯಾಮೆರಾದ ಮುಂದೆ ಕೂರಿಸಿದ್ದರು. ದುಡ್ಡಿನ ಮಾತು ಬರುವ ಮೊದಲೇ ಕರೆಂಟು ಹೋಗಿ, ಫೋನಿನ ಚಾರ್ಜು ಮುಗಿದು, ಪರದೆ ಕಪ್ಪಾಯಿತು. ಒಂದು ರೂಪಾಯಿ ಹೋಗಿರಲಿಲ್ಲ. ಮಗಳಿಗೆ ಗಂಡುಮಗು ಆಗಿತ್ತು. ಅಜ್ಜ ಬಂದು ಎತ್ತಿ ಹಾಕಲಿ ಎಂದು ತೊಟ್ಟಿಲ ಕಾರ್ಯವನ್ನು ಮುಂದೆ ಹಾಕುತ್ತಲೇ ಇದ್ದರು. ಅಜ್ಜ ಹೊಸ್ತಿಲು ದಾಟುತ್ತಿರಲಿಲ್ಲ.

ನಾನು ಚಾಚಾ ಜೊತೆ ಮಾತನಾಡಲು ಕುಳಿತೆ. ಮೊದಲ ದಿನ ಬರೀ ಹತ್ತಿಯ ಬಗ್ಗೆ ಮಾತನಾಡಿದರು. ಮರುದಿನ ತಾವಾಗಿಯೇ ಶುರು ಮಾಡಿದರು.

“ಮೊದಲು ಹಿಂದ್ಯಾಗ ಮಾತಾಡಿದ್ರು. ಆಮ್ಯಾಲೆ ಒಬ್ಬ ಹುಡುಗ ಬಂದ. ಕನ್ನಡ. ದನಿ ನಮ್ಮ ಕಡೀದು, ಅಕ್ಕೋರ. ಹುಬ್ಬಳ್ಳಿನೋ ಗದಗೋ. ನನ್ನ ಹೆಸರು ಕೇಳಿದ, ಅಪ್ಪನ ಹೆಸರು ಕೇಳಿದ, ಅಜ್ಜನ ಹೆಸರು ಕೇಳಿದ. ನೀವು ಎಲ್ಲಿಂದ ಬಂದವ್ರು ಅಂದ. ಎಲ್ಲಿಂದನೂ ಬಂದಿಲ್ರಿ, ಡಂಬಳದಾಗ ನಮ್ಮ ಮುತ್ಯಾನ ಗೋರಿ ಐತಿ ಅಂದೆ. ಪುರಾವೆ ಏನೈತಿ ಅಂದ.” ಅವರು ಅಂಗೈ ನೋಡಿಕೊಂಡರು. “ರೊಕ್ಕ ಕೇಳಿದ್ರ ಕಳ್ಳ ಅಂತ ಗೊತ್ತಾಗ್ತಿತ್ತು. ಗೋರಿಗೆ ಪುರಾವೆ ಎಲ್ಲಿಂದ ತರೂದ್ರಿ?”

ಊರಿಗೆ ಬಂದು ಎರಡು ತಿಂಗಳಾಗದ ನನ್ನನ್ನು ಇಲ್ಲಿ ಯಾರೂ ಪುರಾವೆ ಕೇಳಿರಲಿಲ್ಲ. ಶಿರಹಟ್ಟಿಯವರು ಕೇಳಿದ್ದು ಕಳ್ಳಿಯೋ ಅಲ್ಲವೋ ಎಂದು ಅಷ್ಟೇ. ಪ್ರಭುತ್ವ ಅಂದರೆ ಪ್ರದೇಶ, ಜನ, ಸರ್ಕಾರ, ಸಾರ್ವಭೌಮತ್ವ ಎಂದು ನಾವು ಓದಿಕೊಂಡು ಬಂದವರು. ಈ ಮನುಷ್ಯನಿಗೆ ಅದು ಗೂಡಿನಲ್ಲಿದ್ದ ಸತ್ತ ಫೋನು.

“ಪೊಲೀಸರನ್ನ ಕರೆಸಿ ಹೇಳಿಸಿದರೆ?” ಎಂದು ಚಾಚಿಯನ್ನು ಕೇಳಿದೆ. ಅದೂ ಆಗಿತ್ತು. ನೆಂಟರು ಯಾರೋ ಸಮವಸ್ತ್ರದಲ್ಲಿದ್ದ ಒಬ್ಬರನ್ನು ಕರೆತಂದಿದ್ದರು. ಒಳ್ಳೆಯ ಮನುಷ್ಯ, ಎದುರು ಕುಳಿತು, ಇದೆಲ್ಲ ಸುಳ್ಳು, ಹೋಗಿ ಅಂಗಡಿ ತೆಗೆಯಿರಿ ಎಂದು ಹೇಳಿ ಹೋಗಿದ್ದರು. ಚಾಚಾ ತಲೆಯಾಡಿಸಿದ್ದರು, ಎದ್ದಿರಲಿಲ್ಲ. ಯಾಕೆಂದರೆ ಫೋನಿನ ಹುಡುಗ ಮೊದಲೇ ಹೇಳಿಟ್ಟಿದ್ದ: ನಿನ್ನನ್ನು ಪರೀಕ್ಷೆ ಮಾಡಲು ಪೊಲೀಸರ ವೇಷದವರು ಬರುತ್ತಾರೆ, ನಂಬಬೇಡ.

“ಅದಷ್ಟ ಅಲ್ರಿ,” ಎಂದರು ಚಾಪೆಯ ಮೇಲೆ ಕುಳಿತು ಕೇಳುತ್ತಿದ್ದ ಚಾಚಾ. “ಆ ಹುಡುಗ ಇಡ್ರಿ ಅನ್ನಲಿಲ್ಲ.”

ಇದನ್ನು ನಮ್ಮ ಮಂಡ್ಯ-ಮೈಸೂರು ಕಡೆಯವರಿಗೆ ಬಿಡಿಸಿ ಹೇಳಬೇಕು. ನಾವು ಮಾತು ಮುಗಿದರೆ “ಸರಿ, ಇಡ್ತೀನಿ” ಎಂದು ಫೋನು ಕುಕ್ಕುತ್ತೇವೆ. ಇಲ್ಲಿ ಹಾಗಲ್ಲ. “ಇಡ್ಲೇನ್ರಿ?” ಎಂದು ಕೇಳಬೇಕು. ಆ ಕಡೆಯವರು “ಆತು, ಇಡ್ರಿ” ಅನ್ನಬೇಕು. ಹಿರಿಯರಾದರೆ ಅವರು ಅನ್ನದೆ ಇಡುವಂತೆಯೇ ಇಲ್ಲ. ಯಾರದಾದರೂ ಮನೆಗೆ ಹೋದರೂ ಅಷ್ಟೇ, “ಬರ್ಲೇನ್ರಿ?” ಎಂದು ಕೇಳಿ, ಅವರು “ಹೂಂ, ಬರ್ರಿ” ಅಂದ ಮೇಲೆಯೇ ಏಳುವುದು. ಬರ್ರಿ ಅಂದರೆ ಹೋಗಿ ಎಂದು ಅರ್ಥವಾಗಲು ನನಗೇ ಒಂದು ವಾರ ಹಿಡಿಯಿತು. ಮೊದಮೊದಲು ಈ ಉಪಚಾರಕ್ಕೆ ತಲೆ ಚಿಟ್ಟುಹಿಡಿಯುತ್ತಿತ್ತು. ಎರಡು ಮಾತಿನ ಕೆಲಸಕ್ಕೆ ಹತ್ತು ಮಾತಿನ ಬೀಳ್ಕೊಡುಗೆ. ಆದರೆ ಹುಟ್ಟಿದಾಗಿನಿಂದ ಹಾಗೆ ನಡೆದುಕೊಂಡು ಬಂದ ಮನುಷ್ಯನಿಗೆ, ಅಪ್ಪಣೆ ಸಿಗದೆ ನಿಂತುಹೋದ ಕರೆ ಮುಗಿದಿರಲಿಲ್ಲ. ಫೋನಿಗೆ ಚಾರ್ಜು ಹಾಕಲು ಭಯ, ಎಸೆಯಲೂ ಭಯ.

ನಾನು ತಿಳಿದದ್ದನ್ನೆಲ್ಲ ಹೇಳಿದೆ. ಕೆಲಸ ಕೊಡುತ್ತೇವೆಂದು ಕರೆದೊಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು, ಎತ್ತರದ ಗೋಡೆಯೊಳಗೆ ಕೂಡಿಹಾಕಿ ನಮ್ಮ ಹುಡುಗರ ಕೈಯಲ್ಲೇ ಇಂಥ ಕರೆ ಮಾಡಿಸುವ ಜಾಗಗಳಿವೆ, ಆ ದನಿಯ ಹುಡುಗನೂ ಅಂಥಲ್ಲಿ ಸಿಕ್ಕಿಕೊಂಡವನಿರಬಹುದು ಎಂದೆ. ಧೈರ್ಯ ಬರಲಿ ಎಂದು ಹೇಳಿದ್ದು. “ಹಂಗಾದ್ರ ಅವನ್ನ ಯಾರು ಬಿಡ್ತಾರ್ರಿ ಪಾಪ?” ಎಂದರು ಚಾಚಾ. ಆ ದಿನ ಅವರು ಊಟ ಮಾಡಲಿಲ್ಲ.

ಆ ಸಾಹೇಬರ ಜಾಗದಲ್ಲಿ ನಾನೇ ಕರೆ ಮಾಡಿ ‘ಇಡ್ರಿ’ ಅಂದುಬಿಡುತ್ತೇನೆ ಎಂದು ನನ್ನ ಮಾರ್ಗದರ್ಶಕರಿಗೆ ಫೋನು ಮಾಡಿ ಹೇಳಿದೆ. “ಅಧಿಕಾರಿ ಎಂದು ಹೇಳಿಕೊಳ್ಳುವುದು ಅಪರಾಧ. ಮೇಲಾಗಿ ನೀನು ಗಮನಿಸಲು ಹೋದವಳು, ಕೈಹಾಕಲು ಅಲ್ಲ” ಎಂದರು. ಸರಿಯಾದ ಮಾತೇ. ಅವರು ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಸರಿಯಾದ ಮಾತು ಹೇಳುತ್ತಿದ್ದರು, ಕೆಳಗೆ ಚಾಚಿ ಮಗಳಿಗೆ “ಮುಂದಿನ ವಾರ ಬರ್ತಾರವ್ವಾ” ಎಂದು ಮತ್ತೆ ಸುಳ್ಳು ಹೇಳುತ್ತಿದ್ದರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಎಲ್ಲಕ್ಕಿಂತ ಹೆಚ್ಚಾಗಿ ಆ ಕಪ್ಪು ಪರದೆಯ ಮೇಲೆ.

ಚಾಚಾ ಸ್ನಾನಕ್ಕೆ ಹೋದಾಗ ಚಾಚಿ ಫೋನನ್ನು ಚಾರ್ಜಿಗೆ ಹಚ್ಚಿದರು. ಅವರು ಹೊರಬಂದ ಮೇಲೆ ನಾನು ಮಹಡಿಯಿಂದ ಅದಕ್ಕೆ ಕರೆ ಮಾಡಿದೆ. ಬಹಳ ಹೊತ್ತು ರಿಂಗಾದ ಮೇಲೆ ಚಾಚಾ ಎತ್ತಿದರು. ಉಸಿರು ಮಾತ್ರ ಕೇಳಿಸಿತು.

“ರಾಜೇಸಾಬರೇ, ಮೇಲಿನಿಂದ ಮಾತನಾಡುತ್ತಿದ್ದೇನೆ,” ಎಂದೆ. ಸುಳ್ಳೇನಲ್ಲ, ಮೇಲೇ ಇದ್ದೆ. “ನಿಮ್ಮ ವಿಚಾರಣೆ ಮುಗಿದಿದೆ. ನಿಮ್ಮದೇನೂ ತಪ್ಪಿಲ್ಲ. ನೀವು ಈ ಊರಿನವರು. ಇಡಿ.”

“ಇಡ್ಲೇನ್ರಿ ಸಾಹೇಬ್ರ?”

“ಇಡ್ರಿ,” ಎಂದೆ.

ಕೆಳಗೆ ಬಾಗಿಲು ತೆರೆದ ಸದ್ದಾಯಿತು. ಕಿಟಕಿಯಿಂದ ನೋಡಿದೆ. ಚಾಚಾ ಓಣಿಯಲ್ಲಿ ನಿಂತು ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತಿದ್ದರು. ನಾನು ಹಾಸಿಗೆಯ ಮೇಲೆ ಕುಳಿತು ಅತ್ತೆ.

ಚಾಚಾ ಮುಂಡರಗಿಗೆ ಹೋಗಿ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿ ಬಂದರು. ನನಗೆಂದು ಸಿಹಿ ತಂದು ಕೈಗಿಡುತ್ತಾ, “ದನಿ ನಿಮ್ಮದು ಅಂತ ಗೊತ್ತಿತ್ರಿ. ಮೈಸೂರ ಕಡೆ ಸಾಹೇಬ್ರು ನಮಗ ಯಾಕ ಫೋನ್ ಮಾಡ್ತಾರ? ಆದ್ರ ಆ ಮಾತು ಯಾರರ ಅನ್ನಬೇಕಾಗಿತ್ತು” ಎಂದರು. ಮೂವರೂ ನಕ್ಕೆವು. ಮರುದಿನದಿಂದ ಅಂಗಡಿ ತೆರೆಯಿತು. ಹೊರಡುವ ಮುಂಚೆ ಮೆಟ್ಟಿಲ ಬುಡದಲ್ಲಿ ನಿಂತು “ಹೋಗಿ ಬರ್ಲೇನ್ರಿ ಅಕ್ಕೋರ?” ಅನ್ನುತ್ತಿದ್ದರು. ನಾನು ಮೇಲಿನಿಂದ “ಬರ್ರಿ ಚಾಚಾ” ಅನ್ನುತ್ತಿದ್ದೆ. ಈ ಸೀಮೆಯ ಮರ್ಯಾದೆ ನನಗೂ ಬಂತಲ್ಲ ಎಂದು ಹೆಮ್ಮೆಯಾಗುತ್ತಿತ್ತು. ಹೊರಗಿನವಳು ಅನ್ನುವ ಮುಳ್ಳು ಕಳಚಿಹೋಯಿತು ಅಂದುಕೊಂಡೆ.

ತಂಗಿಯ ಮದುವೆಗೆ ಮಂಡ್ಯಕ್ಕೆ ಹೋದೆ. ಚಪ್ಪರ, ನೆಂಟರು, ಅಮ್ಮನ ಕೂಗಾಟ. ಯಾರೋ ನನ್ನ ಮಾತು ಕೇಳಿ, “ಏನಮ್ಮೀ, ಹೂನ್ರಿ ಹಾನ್ರಿ ಅಂತೀಯಲ್ಲ, ಆ ಕಡೇಳೇ ಆಗ್ಬುಟ್ಟೆ” ಎಂದು ಆಡಿಕೊಂಡರು. ಬೆಟಗೇರಿಯಲ್ಲಿ ಮೈಸೂರಿನವಳು, ಇಲ್ಲಿ ಆ ಕಡೆಯವಳು. ಧಾರೆಯ ಗಡಿಬಿಡಿಯಲ್ಲಿ ಫೋನು ಚೀಲದಲ್ಲೇ ಉಳಿಯಿತು. ಊಟದ ಪಂಕ್ತಿಯಲ್ಲಿ ಬಡಿಸುತ್ತಿದ್ದಾಗ ನೆನಪಾಗಿ ತೆಗೆದು ನೋಡಿದರೆ, ಬೆಳಗ್ಗಿನಿಂದ ಚಾಚಾ ಮಾಡಿದ ಕರೆಗಳು ಒಂದರ ಕೆಳಗೊಂದು. ನಾನು ಮಾಡಿದಾಗ ಎತ್ತಿದ್ದು ಚಾಚಿ. ದನಿ ಒಡೆದಿತ್ತು.

“ಮುಂಜಾನಿಂದ ಚಪ್ಪಲ್ ಮೆಟ್ಟಿ ಬಾಗಲದಾಗ ನಿಂತಾರ್ರಿ. ಕುಂಡ್ರು ಅಂದ್ರ ಕುಂಡ್ರವಲ್ರು, ಹೋಗು ಅಂದ್ರ ಹೋಗವಲ್ರು. ನಾ ಹೇಳಿದ್ರ ನಡಿಯಂಗಿಲ್ಲಂತ.”

“ಚಾಚಾಗೆ ಕೊಡಿ,” ಎಂದೆ.

ಮದುವೆ ಮನೆಯ ವಾದ್ಯದ ನಡುವೆ ಆ ಉಸಿರು ಗುರುತು ಹತ್ತಿತು. ನೀವು ಯಾರನ್ನೂ ಕೇಳಬೇಕಾಗಿಲ್ಲ ಚಾಚಾ, ನಾನು ಯಾರೂ ಅಲ್ಲ, ನಿಮ್ಮ ಬಾಡಿಗೆಯವಳು ಎಂದು ಹೇಳಲು ಬಾಯಿ ತೆರೆದೆ. ಹಾಗೆ ಹೇಳಿದರೆ ಅವರು ಅಲ್ಲೇ ನಿಂತುಬಿಡುತ್ತಾರೆ ಎಂದು ಹೊಳೆಯಿತು. ಅಮ್ಮ ಆ ಕಡೆಯಿಂದ ಪಾಯಸಕ್ಕೆ ಕೂಗುತ್ತಿದ್ದಳು.

“ಹೋಗಿ ಬರ್ರಿ,” ಎಂದೆ.

“ಆತ್ರಿ ಸಾಹೇಬ್ರ,” ಎಂದರು ಚಾಚಾ. ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಅಂದೇ ಹೊರಟು ಬೆಟಗೇರಿಗೆ ಬಂದೆ. ಅಮ್ಮ ಇನ್ನೂ ಮುನಿಸಿಕೊಂಡಿದ್ದಾಳೆ, ಎರಡು ದಿನ ಇದ್ದು ಹೋಗದ ಹಾಗೆ ನಿನ್ನನ್ನು ಹಿಡಿದವರ್ಯಾರು ಎಂದು ಕೇಳುತ್ತಾಳೆ. ನನ್ನ ಸಂಶೋಧನೆಯ ಅವಧಿ ಮುಗಿಯುತ್ತಾ ಬಂತು, ಪ್ರಬಂಧವನ್ನು ಊರಲ್ಲೇ ಕುಳಿತು ಬರೆಯಬಹುದು. ಕೋಣೆ ಬಿಡುತ್ತೇನೆ ಎಂದು ಕೆಳಗೆ ಹೇಳಬೇಕು. ದಿನಾ ಬೆಳಗ್ಗೆ ಹೇಳಬೇಕೆಂದು ಮೆಟ್ಟಿಲಿಳಿಯುತ್ತೇನೆ. ಚಾಚಾ ಚಪ್ಪಲಿ ಮೆಟ್ಟಿ, ಕೈಕಟ್ಟಿ, ನನ್ನ ಮುಖ ನೋಡುತ್ತಾ ನಿಂತಿರುತ್ತಾರೆ.