ಹುಳದ ಮನೆಗೆ ಸೊಸೆಯನ್ನು ಬಿಟ್ಟದ್ದು

ರೇಷ್ಮೆ ಸಾಕುವ ಮನೆಯಲ್ಲಿ ಹುಳವೇ ಯಜಮಾನ. ನಾನು ಮದುವೆಯಾಗಿ ಆವನಿ ಹತ್ತಿರದ ಆ ಊರಿಗೆ ಬಂದಾಗ ನಡುಮನೆ ತುಂಬ ಹುಳದ ತಟ್ಟೆಗಳು. ನಾವು ಏಳು ಜನ ಅಡುಗೆಮನೆ, ಜಗುಲಿ, ಕೊಟ್ಟಿಗೆಯ ಮೂಲೆ ಅಂತ ಹಂಚಿಕೊಂಡು ಮಲಗಬೇಕು. ಹೊಸ ಗಂಡನ ಜೊತೆ ಎರಡು ಮಾತಾಡಬೇಕಾದರೂ ಸೊಪ್ಪು ಕೊಯ್ಯುವ ನೆಪ ಹೇಳಿ ತೋಟಕ್ಕೆ ಹೋಗಬೇಕು. ಥೂ, ಎಂಥ ಸಂಸಾರ!

ಎಂಬತ್ತರ ದಶಕದ ಶುರುವಿನಲ್ಲಿ, ಹುಳಕ್ಕೆ ಬೇರೆ ಮನೆ ಕಟ್ಟಿದರೆ ಸರ್ಕಾರ ಸಬ್ಸಿಡಿ ಕೊಡುತ್ತದೆ ಅಂತ ಗೊತ್ತಾಯಿತು. ಅರ್ಜಿ ತುಂಬಿದವಳು ನಾನೇ. ಮೊದಲ ಕಂತಿನಲ್ಲಿ ಗೋಡೆ ಎದ್ದವು, ಸಾಲದೆ ಬಂದದ್ದಕ್ಕೆ ಅತ್ತೆ ಕೈಯಿಂದ ದುಡ್ಡು ಹಾಕಿ ಹೆಂಚು ಹೊದಿಸಿದರು. ಹೊಸ ಮನೆಯಲ್ಲಿ ಹುಳ ಇರುವುದನ್ನು ರೇಷ್ಮೆ ಇಲಾಖೆಯ ಸಾಹೇಬರು ಕಣ್ಣಾರೆ ನೋಡಿದ ಮೇಲೆ ಎರಡನೇ ಕಂತು.

ಮನೆ ಎಷ್ಟು ಚೆನ್ನಾಗಿತ್ತು ಅಂತೀರಿ! ನಾಲ್ಕು ಕಿಟಕಿ, ಚಿಲಕವಿರುವ ಬಾಗಿಲು. “ಇಂಥಾ ಮನೇನ ಹುಳಕ್ಕೆ ಕೊಡೋಕೆ ನಮಗೇನು ತಲೆ ಕೆಟ್ಟೈತಾ?” ಅಂದರು ಅತ್ತೆ. ಹುಳ ಇದ್ದಲ್ಲೇ ಉಳಿಯಿತು. ನನ್ನ ಮಂಚ, ಟ್ರಂಕು, ಕನ್ನಡಿ ಹೊಸ ಮನೆ ಸೇರಿದವು. ಮೊದಲ ದಿನ ಆ ಚಿಲಕವನ್ನು ಸುಮ್ಮಸುಮ್ಮನೆ ಹತ್ತು ಸಲ ಹಾಕಿ ತೆಗೆದೆ.

ಒಂದು ದಿನ ಬೆಳಿಗ್ಗೆ, ಸಾಹೇಬರು ಈಗಲೇ ಬರುತ್ತಿದ್ದಾರೆ ಅಂತ ಸುದ್ದಿ ಬಂತು. “ಅಯ್ಯೋ ದೇವುಡಾ!” ಅಂದರು ಅತ್ತೆ, ಗಡಿಯಾಚೆಯ ತವರಿನವರು, ಗಾಬರಿಯಾದರೆ ತೆಲುಗೇ ಬರುತ್ತಿತ್ತು. ಹುಳ ಸಾಗಿಸೋಣ ಅಂದರೆ ಅವು ಜ್ವರಕ್ಕೆ ಕೂತಿದ್ದವು. ಜ್ವರ ಅಂದರೆ ಹುಳ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂತು ಪೊರೆ ಕಳಚುವ ಕಾಲ. ಆಗ ಅವನ್ನು ಕದಲಿಸಿದರೆ ಬೆಳೆಯೇ ಹಾಳು.

ಸಾಹೇಬರು ಬಂದು ಬಾಗಿಲಲ್ಲಿ ನಿಂತರು. ಮಂಚ, ಕನ್ನಡಿ, ಹಗ್ಗದ ಮೇಲೆ ನನ್ನ ಸೀರೆ.

“ಹುಳ ಎಲ್ಲಮ್ಮಾ?”

ಅತ್ತೆ ಚೂರೂ ತಡವರಿಸಲಿಲ್ಲ. “ಹೊಸಾ ಮನೆ ಸ್ವಾಮಿ. ಕಾವು, ಗಾಳಿ ಎಂಗೈತೋ ಏನೋ. ಒಂದೇ ಸಲ ಹುಳ ಬಿಟ್ಟು ಸತ್ತೋದ್ರೆ? ಅದಕ್ಕೇ ಮೊದಲು ಸೊಸೇನ ಬಿಟ್ಟು ನೋಡ್ತಾ ಇದೀವಿ.”

ನನಗೆ ಮೈಯೆಲ್ಲ ಉರಿದುಹೋಯಿತು. ಸಾಹೇಬರು ಗಂಭೀರವಾಗಿ ನನ್ನ ಕಡೆ ತಿರುಗಿದರು. “ಏನಮ್ಮಾ, ಹೇಗಿದೆ?”

“ಚೆನ್ನಾಗೈತೆ ಸಾರ್. ಊಟ ಸೇರ್ತದೆ, ನಿದ್ದೆ ಬರ್ತದೆ” ಅಂದೆ.

ಸಾಹೇಬರು ಪುಸ್ತಕ ಮುಖಕ್ಕೆ ಅಡ್ಡ ಹಿಡಿದು ನಕ್ಕರು. ಆದರೂ ಬಿಡಲಿಲ್ಲ. “ನಾಲ್ಕು ದಿನ ಬಿಟ್ಟು ಬರ್ತೀನಿ. ಹುಳ ಇಲ್ಲಿರಬೇಕು, ಇಲ್ಲಾಂದ್ರೆ ದುಡ್ಡಿಲ್ಲ.”

ಹುಳಗಳು ಜ್ವರ ಬಿಟ್ಟು ಎದ್ದವು. ಅವು ಒಳಗೆ, ನನ್ನ ಮಂಚ ಹೊರಗೆ. ನನ್ನ ಯಜಮಾನರು ಮಂಚದ ತುದಿ ಹಿಡಿದು ನಗುತ್ತಿದ್ದರು. ನನಗೆ ಕಣ್ಣೀರೇ ಬಂತು. ಹುಳ ಖಾಲಿ ಮಾಡಿದ ನಡುಮನೆಗೆ ಏಳು ಜನರೂ ಬಂದು ಬಿದ್ದೆವು. ಅಲ್ಲಿ ಗೋಡೆಯ ಮರೆಯೂ ಇಲ್ಲ, ಚಿಲಕವೂ ಇಲ್ಲ.

ಎರಡನೇ ಕಂತು ಬಂದ ದಿನ ಅತ್ತೆ ಮುಳಬಾಗಿಲಿಗೆ ಹೋದರು. ಸಂಜೆ ಬಸ್ಸಿಳಿದಾಗ ಜೊತೆಗೆ ಗಾರೆ ಮೇಸ್ತ್ರಿ, ಚೀಲದಲ್ಲಿ ಒಂದು ಕಬ್ಬಿಣದ ಚಿಲಕ. ನಡುಮನೆಯ ಮೂಲೆ ತೋರಿಸಿ, “ಇಲ್ಲೊಂದು ಗೋಡೆ ಎತ್ತಪ್ಪಾ, ಬಾಗಿಲಿಗೆ ಇದನ್ನ ಹಾಕು” ಅಂದರು. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

“ಏನೇ ಹಂಗೆ ನೋಡ್ತೀಯ? ಹುಳಕ್ಕೆ ಸರ್ಕಾರ ಕಟ್ಟಿಕೊಡ್ತು, ನಿನಗೆ ನಾನೇ ಕಟ್ಟಬೇಕಲ್ಲ” ಅಂದವರು, ಎರಡು ಹೆಜ್ಜೆ ಹೋಗಿ ತಿರುಗಿದರು. “ಕಟ್ಟಿದ ತಕ್ಷಣ ಒಳಗೆ ನುಗ್ಗಬೇಡ ಕಣೇ. ಮೊದಲು ಕೋಳಿ ಬಿಟ್ಟು ನೋಡ್ತೀನಿ.”